ದಣಿದ ಸಂಜೆಗೊಂದು ಊಟ ಮೊದಲೇ ಇರಲಿ

ಚಿರಂಜೀವಿ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಊಟದ ಪಟ್ಟಿ ಓದಿದೆ. ಸಕ್ಕರೆ ಬಂದ್, ಎಣ್ಣೆ ಬಂದ್, ರಾತ್ರಿ ಊಟ ಬಂದ್, ಬೆಳಿಗ್ಗೆ ಬರೀ ಹಣ್ಣು. ಆರೋಗ್ಯದ ಕಡೆ ನಿನ್ನ ಗಮನ ಹರಿದಿದ್ದು ನೋಡಿ ನಿಜಕ್ಕೂ ಸಂತೋಷವಾಯಿತು ಕಣೇ. ಆದರೆ ಏನೇನು ಬಿಡಬೇಕು ಅಂತ ಒಂದು ಪುಟ ತುಂಬ ಬರೆದಿದ್ದೀಯ, ಏನು ತಿನ್ನಬೇಕು ಅನ್ನುವುದಕ್ಕೆ ನಾಲ್ಕು ಸಾಲೂ ಇಲ್ಲ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯದ ಪಟ್ಟಿ ಬರೆದುಕೊಡುವುದೇ ನನ್ನ ಕೆಲಸವಾಗಿತ್ತು, ನಿನಗೆ ಗೊತ್ತು. ಪಟ್ಟಿ ಹಿಡಿದು ಹೋದವರು ತಿಂಗಳ ನಂತರ ಬಂದಾಗ ನಾನು ಮೊದಲು ಕೇಳುತ್ತಿದ್ದದ್ದು, "ಯಾವ ಹೊತ್ತಿನಲ್ಲಿ ತಪ್ಪಿತು?" ಅಂತ. ಬೆಳಿಗ್ಗೆ ಅಂದವರು ತೀರಾ ಕಡಿಮೆ. ಕೆಲಸ ಮುಗಿಸಿ, ತಲೆ ಭಾರವಾಗಿ, ಹೊಟ್ಟೆ ಚುರುಗುಟ್ಟುತ್ತಾ ಮನೆ ಬಾಗಿಲು ತೆಗೆಯುತ್ತಾರಲ್ಲ, ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದೇ ಊಟ. ಆಗ ಮನೆಯಲ್ಲಿ ಬೇಯಿಸಿದ ಕಾಳು ಇದ್ದರೆ ಅದನ್ನೇ ತಿನ್ನುತ್ತಾರೆ, ಬಿಸ್ಕತ್ತಿನ ಪೊಟ್ಟಣ ಇದ್ದರೆ ಅದನ್ನು ಮುಗಿಸುತ್ತಾರೆ. ಮನಸ್ಸು ಗಟ್ಟಿ ಮಾಡಿಕೋ ಅಂತ ಆ ಹೊತ್ತಿನಲ್ಲಿ ಯಾರಿಗೆ ಹೇಳಿ ಏನು ಪ್ರಯೋಜನ? ಹಾಗಾಗಿ ನೀನು ಯೋಜನೆ ಹಾಕುವುದಾದರೆ ವಾರದಲ್ಲೇ ಅತಿ ಹೆಚ್ಚು ದಣಿಯುವ ಸಂಜೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕು. ಆ ಸಂಜೆ ನಿಭಾಯಿಸಿದರೆ ಉಳಿದ ದಿನಗಳು ತಾವೇ ನಡೆಯುತ್ತವೆ.

ರಾತ್ರಿ ಊಟ ಬಿಡುವ ವಿಚಾರ ಮೊದಲು ಕೈಬಿಡು. ಹಸಿವನ್ನು ಒತ್ತಿಟ್ಟರೆ ಅದು ಸುಮ್ಮನೆ ಕೂರುವುದಿಲ್ಲ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ಶುರುಮಾಡಿದರು. ಯುದ್ಧದಿಂದ ಹಸಿದವರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯುವುದು ಉದ್ದೇಶ. ಆರು ತಿಂಗಳ ಕಾಲ ಅವರ ಊಟವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ತೂಕವೇನೋ ಇಳಿಯಿತು. ಆದರೆ ಆ ಹುಡುಗರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ಕೂತು ಓದುವವರು, ತಟ್ಟೆಯಲ್ಲಿದ್ದ ಸ್ವಲ್ಪವನ್ನೇ ಗಂಟೆಗಟ್ಟಲೆ ಎಳೆದಾಡುವವರು, ಸಣ್ಣಪುಟ್ಟದ್ದಕ್ಕೆ ಸಿಡುಕುವವರು. ನಿರ್ಬಂಧ ತೆಗೆದ ಮೇಲೆ ಎಷ್ಟು ತಿಂದರೂ ತೃಪ್ತಿ ಇಲ್ಲ ಅಂದವರೂ ಇದ್ದರು. ನಿನ್ನ ಪಟ್ಟಿ ಅಷ್ಟು ಕಠಿಣವಾಗಿಲ್ಲ, ಒಪ್ಪುತ್ತೇನೆ. ಆದರೂ ದೇಹದ ಸ್ವಭಾವ ಅದೇ.

ಈಗ ತಟ್ಟೆಯ ವಿಷಯಕ್ಕೆ ಬರೋಣ. ಕ್ಯಾಲೊರಿ ಎಣಿಸುವ ಆ್ಯಪ್ ಹಾಕಿಕೊಂಡಿದ್ದೇನೆ ಅಂದೆಯಲ್ಲ, ಸದ್ಯಕ್ಕೆ ಅದನ್ನು ಪಕ್ಕಕ್ಕಿಡು. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು. ಕಾಲು ಭಾಗ ಧಾನ್ಯ, ಆದಷ್ಟು ತವುಡು ತೆಗೆಯದ್ದು. ಇನ್ನು ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಹೀಗೆ ಪ್ರೋಟೀನ್ ಕೊಡುವಂಥದ್ದು. 2011ರಲ್ಲಿ ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯವರು ಈ ತಟ್ಟೆಯ ಚಿತ್ರ ಕೊಟ್ಟರು. ಯಾವ ಅಡುಗೆಗಾದರೂ ಹೊಂದುತ್ತದೆ, ತೂಕದ ಯಂತ್ರ ಬೇಕಿಲ್ಲ. ನನಗೆ ಇದು ಹಿಡಿಸಿದ್ದು ಆ ಕಾರಣಕ್ಕೇ.

ತರಕಾರಿ, ಹಣ್ಣು ಎರಡೂ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಲು ಜಾಸ್ತಿ ಅನ್ನಿಸಬಹುದು. ಒಂದು ಸಾಧಾರಣ ಸೇಬೇ 150 ಗ್ರಾಂ ಮೇಲಿರುತ್ತದೆ. ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಪಲ್ಯ ತಿಂದರೆ ಲೆಕ್ಕ ಮುಗಿಯಿತು. ಆಲೂಗಡ್ಡೆ, ಗೆಣಸು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ಪಿಷ್ಟ ಜಾಸ್ತಿ ಇರುವ ಗೆಡ್ಡೆಗಳು, ತಟ್ಟೆಯಲ್ಲಿ ಅವುಗಳ ಜಾಗ ಧಾನ್ಯದ ಪಕ್ಕ.

ಪ್ರೋಟೀನ್ ಅಂದ ಕೂಡಲೇ ಡಬ್ಬದ ಪುಡಿ ಕೊಳ್ಳಬೇಕು ಅಂತ ನಿನ್ನ ಗೆಳತಿಯರು ಹೇಳಿದ್ದಾರಂತೆ. ಆರೋಗ್ಯವಾಗಿರುವ ದೊಡ್ಡವರಿಗೆ ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಸಾಕು. 60 ಕಿಲೋ ತೂಗುವವರಿಗೆ 50 ಗ್ರಾಂ. ಎರಡು ಮೊಟ್ಟೆಯಿಂದ 12, ಬೇಯಿಸಿದ ಕಾಳು ಒಂದು ದೊಡ್ಡ ಬಟ್ಟಲಿನಿಂದ ಸುಮಾರು 15, ಒಂದು ಲೋಟ ಹಾಲೋ ಮೊಸರೋ ಅಂದರೆ 6-7, ದಿನವಿಡೀ ತಿನ್ನುವ ಧಾನ್ಯದಿಂದ ಇನ್ನೊಂದು 15. ಮೊಟ್ಟೆ ಬೇಡದಿದ್ದರೆ ಇನ್ನೊಂದು ಬಟ್ಟಲು ಕಾಳು. ಪುಡಿಯ ದುಡ್ಡಿಗೆ ಒಳ್ಳೆ ಹಣ್ಣು ತಗೋ.

ಹಾಲು, ಮೊಟ್ಟೆ, ಮೀನು, ಮಾಂಸ ಯಾವುದನ್ನೂ ಮುಟ್ಟದೆ ಇರುತ್ತೇನೆ ಅಂತ ಮುಂದೆ ಯಾವತ್ತಾದರೂ ತೀರ್ಮಾನಿಸಿದರೆ ಬಿ12 ವಿಟಮಿನ್ ಮರೆಯಬೇಡ. ಗಿಡಗಳಿಂದ ಬರುವ ಆಹಾರದಲ್ಲಿ ಅದು ನೆಚ್ಚಿಕೊಳ್ಳುವಷ್ಟು ಇರುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಿದ ಆಹಾರವನ್ನೋ ಮಾತ್ರೆಯನ್ನೋ ತೆಗೆದುಕೊಳ್ಳಲೇಬೇಕು.

ಎಣ್ಣೆ ಪೂರ್ತಿ ಬಿಡಬೇಡ, ಅಳೆದು ಹಾಕು. ಬಾಟಲಿಯನ್ನು ಬಾಣಲೆಯ ಮೇಲೆ ಬಗ್ಗಿಸಿದಾಗ ಎಷ್ಟು ಬಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಅದು ಯಾವ ಎಣ್ಣೆಯಾದರೂ ಸರಿ. ಚಮಚವನ್ನು ಎಣ್ಣೆ ಬಾಟಲಿಯ ಪಕ್ಕದಲ್ಲೇ ಇಟ್ಟುಬಿಡು. ಒಲೆ ಹಚ್ಚಿದ ಮೇಲೆ ಚಮಚ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಉಪ್ಪಿಗೂ ಇದೇ ಮಾತು: ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ, ಬ್ರೆಡ್ಡು, ಸಾಸು, ಚಿಪ್ಸುಗಳಲ್ಲಿ ಅಡಗಿರುವುದೂ ಸೇರಿ.

ಸಕ್ಕರೆಯನ್ನು ಕಾಫಿ ಲೋಟದಲ್ಲಿ ಹುಡುಕುತ್ತಿದ್ದೀಯ, ಅದು ಬಾಟಲಿಗಳಲ್ಲಿ ಕೂತಿದೆ. ಬೇರೆಯಾಗಿ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲೊರಿಯ ನೂರಕ್ಕೆ ಹತ್ತು ಭಾಗ ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಹತ್ತು ಭಾಗ ಅಂದರೆ 50 ಗ್ರಾಂ. 330 ಮಿಲಿಯ ಒಂದು ಕ್ಯಾನ್ ಕೋಲಾದಲ್ಲೇ ಸುಮಾರು 35 ಗ್ರಾಂ ಹೋಗಿಬಿಡುತ್ತದೆ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಇಡೀ ಹಣ್ಣಿನಲ್ಲಿರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣನ್ನು ಹಿಂಡಬೇಡ, ಅಗಿದು ತಿನ್ನು.

ಪೊಟ್ಟಣದ ತಿಂಡಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಹಜ ಪದಾರ್ಥಗಳಿಂದ ಮಾಡಿದ ಅಡುಗೆ ಬಡಿಸಿದರು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲ ಸರಿಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಸಂಸ್ಕರಿಸಿದ ಆಹಾರವಿದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರಕ್ಕೆ ಒಂದು ಕಿಲೋದ ಹತ್ತಿರ ತೂಕ ಏರಿತು. ಇನ್ನೊಂದರಲ್ಲಿ ಅಷ್ಟೇ ಇಳಿಯಿತು. ಯಾರೂ ಅವರಿಗೆ ಕಡಿಮೆ ತಿನ್ನಿ ಅಂದಿರಲಿಲ್ಲ! ನಾನು ಮನೆಯಲ್ಲಿ ಬೇಯಿಸಿಕೋ ಅಂತ ಹಟ ಹಿಡಿಯುವುದು ಇದಕ್ಕೇ. ಅಂಗಡಿಯಲ್ಲಿ ಪೊಟ್ಟಣ ತಗೊಂಡಾಗ ಹಿಂಭಾಗ ತಿರುಗಿಸು. ಪದಾರ್ಥಗಳನ್ನು ತೂಕದ ಪ್ರಕಾರ, ಹೆಚ್ಚು ಇರುವುದನ್ನು ಮೊದಲಿಟ್ಟು ಬರೆದಿರುತ್ತಾರೆ. ಸಕ್ಕರೆ ಮೊದಲ ಮೂರರಲ್ಲಿದ್ದರೆ ಅದು ಸಿಹಿತಿಂಡಿ, ಮುಂಭಾಗದಲ್ಲಿ ಏನೇ ಚಿತ್ರ ಹಾಕಿರಲಿ.

ಇನ್ನು ಆ ಸಂಜೆಯ ಊಟ. ರಜೆಯ ದಿನದ ಹಿಂದಿನ ರಾತ್ರಿ ಕಾಳು ನೆನೆಹಾಕಿ ಮಲಗು. ಬೆಳಿಗ್ಗೆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸು. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಒಳಗೆ ಗಟ್ಟಿಯಾಗಿ ಉಳಿಯದೆ ಮೆತ್ತಗೆ ನುರಿಯಬೇಕು. ಕೆಂಪು ರಾಜ್ಮಾ ಆದರೆ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಯಲೇಬೇಕು, ಅರೆಬೆಂದ ಕಾಳಿನಲ್ಲಿ ವಾಂತಿ ಬರಿಸುವ ವಿಷಾಂಶ ಉಳಿಯುತ್ತದೆ. ಬೆಂದದ್ದನ್ನು ಆಳವಿಲ್ಲದ ಡಬ್ಬಿಗಳಲ್ಲಿ ಹರಡಿದರೆ ಬೇಗ ಆರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಮೂರು ನಾಲ್ಕು ದಿನದೊಳಗೆ ಮುಗಿಯಬೇಕು, ಮಿಕ್ಕಿದ್ದನ್ನು ಫ್ರೀಜರಿಗೆ ಹಾಕು. ಅನ್ನ ಮಾಡಿಟ್ಟರೂ ಹಾಗೆಯೇ. ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ತರಕಾರಿ ಹೆಚ್ಚಿಡಲು ಬೇಸರವಾದರೆ ಫ್ರೋಜನ್ ಬಟಾಣಿ, ಬೀನ್ಸ್ ತಂದಿಡು. ಅದರಲ್ಲೇನೂ ಕೀಳರಿಮೆ ಬೇಡ. ಕಿತ್ತ ಕೂಡಲೇ ಹೆಪ್ಪುಗಟ್ಟಿಸುವುದರಿಂದ ಅದರ ಪೋಷಕಾಂಶ ಹೆಚ್ಚು ಕೆಡುವುದಿಲ್ಲ, ಫ್ರಿಜ್ಜಿನ ಮೂಲೆಯಲ್ಲಿ ವಾರಗಟ್ಟಲೆ ಬಾಡಿದ ತರಕಾರಿಗಿಂತ ಎಷ್ಟೋ ಮೇಲು. ಹೀಗೆ ಹದಿನೈದು ನಿಮಿಷದಲ್ಲಿ ಆಗುವ ಮೂರು ಊಟಗಳನ್ನು ಮೊದಲೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸು. ಒಂದು ದಿನ ಕಾಳು ಮತ್ತು ಧಾನ್ಯ, ಇನ್ನೊಂದು ದಿನ ಮೊಟ್ಟೆ ಮತ್ತು ತರಕಾರಿ, ಮತ್ತೊಂದು ದಿನ ಎಲ್ಲ ಹಾಕಿ ಕುದಿಸಿದ ಸೂಪು. ಅದೇ ಅದೇ ಊಟ ಅಂತ ಬೇಸರವಾದರೆ ತರಕಾರಿ ಬದಲಾಯಿಸು, ಒಗ್ಗರಣೆ ಬದಲಾಯಿಸು. ಏನು ಮಾಡಲಿ ಅಂತ ಯೋಚಿಸುವ ಕೆಲಸವನ್ನು ದಣಿದ ತಲೆಗೆ ಕೊಡಬೇಡ.

ಹೊಟ್ಟೆ ಹಸಿದಾಗ ಸಾಮಾನು ತರಲು ಹೋಗಬೇಡ. ಚೀಟಿ ಬರೆದುಕೊಂಡು ಹೋಗು.

ಎಲ್ಲವನ್ನೂ ಒಂದೇ ವಾರದಲ್ಲಿ ತಿದ್ದಲು ಹೊರಡಬೇಡ ಪುಟ್ಟಿ. ಮೊದಲು ಸಂಜೆ ಊಟ ಒಂದು ಹದಕ್ಕೆ ಬರಲಿ, ಅದು ಅಭ್ಯಾಸವಾದ ಮೇಲೆ ಬೆಳಗಿನ ತಿಂಡಿ. ಮದುವೆ ಮನೆಯಲ್ಲೋ ಸ್ನೇಹಿತರ ಜೊತೆಯಲ್ಲೋ ಒಂದು ದಿನ ಜಾಸ್ತಿ ತಿಂದೆ ಅಂತ ಮಾರನೇ ದಿನ ಉಪವಾಸ ಕೂರಬೇಡ, ಮುಂದಿನ ಹೊತ್ತಿನ ಊಟವನ್ನು ಎಂದಿನಂತೆ ಮಾಡು. ಜೊತೆಗೆ ಕೂತು ನಗುತ್ತಾ ಉಣ್ಣುವುದು ಕೂಡ ಊಟದ ಗುಣವೇ. ಬ್ರೆಜಿಲ್ ಸರ್ಕಾರ 2014ರಲ್ಲಿ ಜನರಿಗೆ ಕೊಟ್ಟ ಆಹಾರ ಮಾರ್ಗದರ್ಶಿಯಲ್ಲಿ, ಸಾಧ್ಯವಾದಾಗಲೆಲ್ಲ ಬೇರೆಯವರ ಜೊತೆ ಕೂತು ತಿನ್ನಿ ಅಂತ ಸೇರಿಸಿದ್ದಾರೆ. ಅದನ್ನು ಓದಿ ನನಗೆ ತುಂಬಾ ಖುಷಿಯಾಗಿತ್ತು.

ಕೊನೆಗೊಂದು ವಿಷಯ, ಇದನ್ನು ತಳ್ಳಿಹಾಕಬೇಡ. ಮೆಟ್ಟಿಲು ಹತ್ತಿದರೆ ಸುಸ್ತು, ಕೂದಲು ಉದುರುತ್ತಿದೆ ಅಂತ ಹೋದ ಸಲ ನೀನು ಹೇಳಿದ್ದೆ. ಅದು ಕಬ್ಬಿಣದ ಕೊರತೆ ಇರಬಹುದು, ಥೈರಾಯ್ಡ್ ಇರಬಹುದು, ಬೇರೇನೋ ಇರಬಹುದು. ಊಹೆಯ ಮೇಲೆ ಮಾತ್ರೆ ನುಂಗುವುದು ಬೇಡ. ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸು. ಅಲ್ಲಿಯವರೆಗೆ ಊಟದ ಜೊತೆಗೇ ಕಾಫಿ ಟೀ ಕುಡಿಯುವುದನ್ನು ನಿಲ್ಲಿಸು, ಒಂದು ಗಂಟೆ ಅಂತರ ಕೊಡು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅವು ಅಡ್ಡಿ ಮಾಡುತ್ತವೆ. ಅದೇ ಊಟದ ಮೇಲೆ ನಿಂಬೆರಸ ಹಿಂಡಿಕೊಂಡರೆ ಅಥವಾ ಕಿತ್ತಳೆ ತಿಂದರೆ ಅದರ ಸಿ ವಿಟಮಿನ್‌ನಿಂದ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ರಿಪೋರ್ಟ್ ಬಂದ ತಕ್ಷಣ ಅದರ ಫೋಟೋ ಕಳಿಸಿ ಫೋನ್ ಮಾಡು. ರಾತ್ರಿ ಎಂಟರ ಮೇಲೆ ನಾನು ಬಿಡುವಾಗಿರುತ್ತೇನೆ.

ಇಂತಿ,
ನಿನ್ನ ಪ್ರೀತಿಯ ಅತ್ತೆ