ಪಕ್ಕಕ್ಕೆ ಎತ್ತಿಟ್ಟ ಕಾಗದಗಳು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಚುನಾವಣೆ, ವಿರೋಧ ಪಕ್ಷ, ಕೋರ್ಟು ಎಲ್ಲ ಬರೀ ಅಡ್ಡಗಾಲು. ಒಬ್ಬ ಗಟ್ಟಿಗನ ಕೈಗೆ ದೇಶ ಕೊಟ್ಟುಬಿಟ್ಟರೆ ಹತ್ತು ವರ್ಷದಲ್ಲಿ ಎಲ್ಲ ನೆಟ್ಟಗಾಗುತ್ತದೆ. ಸರ್ಕಾರ ನಮ್ಮ ಫೋನು, ಪತ್ರ ನೋಡಿದರೆ ನೋಡಿಕೊಳ್ಳಲಿ, ತಪ್ಪು ಮಾಡದವನಿಗೆ ಏನು ಭಯ ಅಂತ. ನಾನು 37 ವರ್ಷ ಅಂಚೆ ಇಲಾಖೆಯಲ್ಲಿ ಇದ್ದವನು. ಬೇರೆಯವರ ಪತ್ರ ಓದುವ ಮಾತು ಬಂತಲ್ಲ, ಸುಮ್ನೆ ಕೂರಲು ಆಗಲಿಲ್ಲ.

ಹೋದ ವರ್ಷ ಮೂರು ತಿಂಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಬಾಣಂತನಕ್ಕೆ ಅಂತ ಹೋದವಳು ನನ್ನ ಹೆಂಡತಿ. ನಾನು ಜೊತೆಗೆ ಹೋದ ಲಗೇಜು. ಅಳಿಯಂದಿರು ಟ್ರಾಮ್ ಪಾಸ್ ಮಾಡಿಸಿಕೊಟ್ಟು, ಊರು ನೋಡಿಕೊಂಡು ಬನ್ನಿ ಮಾವ ಎಂದರು. ಹಾಗೆ ಒಂದು ದಿನ ‘ರುಂಡೆ ಎಕೆ’ ಎನ್ನುವ ಕಟ್ಟಡಕ್ಕೆ ಹೊಕ್ಕೆ. ದುಂಡು ಮೂಲೆ ಅಂತ ಅರ್ಥವಂತೆ. 1989ರವರೆಗೆ ಅದು ಪೂರ್ವ ಜರ್ಮನಿಯ ಗುಪ್ತ ಪೊಲೀಸರ, ಅಂದರೆ ಸ್ಟಾಸಿಯ, ಲೈಪ್‌ಜಿಗ್ ಕಚೇರಿ. ಈಗ ಮ್ಯೂಸಿಯಂ.

ಲಾಠಿ, ಕತ್ತಲೆ ಕೋಣೆ ಇರುತ್ತದೆ ಅಂದುಕೊಂಡು ಹೋಗಿದ್ದೆ. ಅಲ್ಲಿದ್ದದ್ದು ಆಫೀಸು. ಮೇಜು, ಫೈಲು, ಟೈಪ್‌ರೈಟರ್. ಥೇಟ್ ನಮ್ಮ ಸರ್ಕಾರಿ ಕಚೇರಿ. ಒಂದು ಕಡೆ ಮಾತ್ರ ನನಗೆ ಮುಂದಕ್ಕೆ ಹೋಗಲು ಆಗಲಿಲ್ಲ. ಅಲ್ಲಿ ಪತ್ರ ಬಿಚ್ಚುವ ಯಂತ್ರ ಇಟ್ಟಿದ್ದರು. ಹಬೆ ಕೊಟ್ಟು ಲಕೋಟೆಯ ಅಂಟು ಬಿಡಿಸುವುದು. ಓದಿ ಮುಗಿದ ಮೇಲೆ ಗೋಂದು ಹಚ್ಚಿ ಮುಚ್ಚುವುದಕ್ಕೆ ಇನ್ನೊಂದು ಯಂತ್ರ. ನಾವು ಹುಡುಗರಾಗಿದ್ದಾಗ ಕುದಿಯುವ ನೀರಿನ ಮೇಲೆ ಹಿಡಿದು ಸ್ಟಾಂಪು ಬಿಡಿಸುತ್ತಿದ್ದೆವಲ್ಲ, ಅದನ್ನೇ ಇವರು ಕಾರ್ಖಾನೆ ಮಾಡಿಕೊಂಡಿದ್ದರು. ಈ ಕೆಲಸಕ್ಕೇ ಸ್ಟಾಸಿಯಲ್ಲಿ ‘ಎಂ’ ಅಂತ ಬೇರೆ ವಿಭಾಗ. ದೇಶದಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ನೌಕರರು. ದೊಡ್ಡ ಅಂಚೆ ಕಚೇರಿಗಳ ಒಳಗೇ ಇವರ ಕೋಣೆ. ಹೊರಗಿನವರಿಗೆ ಅದು ಅಂಚೆಯದೇ ಒಂದು ಶಾಖೆ. ಪಶ್ಚಿಮ ಜರ್ಮನಿಯಿಂದ ನೆಂಟರು ಲಕೋಟೆಯಲ್ಲಿ ನೋಟು ಇಟ್ಟು ಕಳಿಸಿದರೆ ಅದೂ ಇವರ ಪಾಲು. 1984ರಿಂದ 1989ರೊಳಗೆ ಹೀಗೆ ಎತ್ತಿಕೊಂಡದ್ದು 3 ಕೋಟಿ ಮಾರ್ಕ್‌ಗೂ ಜಾಸ್ತಿ. ನಮ್ಮಲ್ಲಿ ಮನಿ ಆರ್ಡರ್ ಲೆಕ್ಕದಲ್ಲಿ ಐವತ್ತು ರೂಪಾಯಿ ಹೆಚ್ಚುಕಮ್ಮಿಯಾದರೆ ಸಸ್ಪೆಂಡ್ ಮಾಡುತ್ತಿದ್ದರು.

ಇನ್ನೂ ಒಂದು ಕೇಳಿ. ಅಂಚೆಯ ಗುಟ್ಟನ್ನು ಯಾರೂ ಮುರಿಯುವಂತಿಲ್ಲ ಅಂತ ಅವರ ಸಂವಿಧಾನದ 31ನೇ ವಿಧಿಯಲ್ಲೇ ಬರೆದಿತ್ತು!

ಇದೆಲ್ಲ ರಾತ್ರೋರಾತ್ರಿ ಬಂದದ್ದಲ್ಲ. ಹಿಟ್ಲರ್ ಹೋದ ಮೇಲೆ ಆ ಭಾಗ ಸೋವಿಯತ್ ಸೇನೆಯ ಕೈಯಲ್ಲಿತ್ತು. 1946ರಲ್ಲಿ ಸೋಶಿಯಲ್ ಡೆಮಾಕ್ರಟರನ್ನು ಕಮ್ಯುನಿಸ್ಟರ ಜೊತೆ ಸೇರಿಸಿ ಒಂದೇ ಪಕ್ಷ ಮಾಡಿದರು. ಉಳಿದ ಪಕ್ಷಗಳ ಬೋರ್ಡು ಉಳಿಯಿತು, ಬಾಯಿ ಹೋಯಿತು. 1950ರ ಫೆಬ್ರುವರಿಯಲ್ಲಿ ಸ್ಟಾಸಿ ಹುಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಪಟ್ಟಿ, ಶೇ 99ಕ್ಕೂ ಹೆಚ್ಚು ಮತ. ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಗುಟ್ಟಾಗಿ ಮತ ಹಾಕಲು ಮರೆಯ ಹಿಂದೆ ಹೋದವರ ಮೇಲೆ ಕಣ್ಣಿಡುತ್ತಿದ್ದರು. 1953ರ ಜೂನ್ 17ಕ್ಕೆ ಕೂಲಿಕಾರರು ಬೀದಿಗೆ ಇಳಿದರು, ಟ್ಯಾಂಕು ಬಂತು. 1961ರಲ್ಲಿ ಬರ್ಲಿನ್ ಗೋಡೆ. ಕೊನೆಯ ಹೊತ್ತಿಗೆ ಸ್ಟಾಸಿಯಲ್ಲಿ ಸಂಬಳಕ್ಕಿದ್ದವರೇ ಸುಮಾರು 91 ಸಾವಿರ. ಗುಟ್ಟಾಗಿ ಸುದ್ದಿ ಕೊಡುವವರು ಅದರ ಎರಡರಷ್ಟು. ದೇಶದ ಜನ ಎಷ್ಟು? ಒಂದು ಕೋಟಿ ಅರವತ್ತು ಲಕ್ಷದ ಆಸುಪಾಸು. ಸರ್ಕಾರವನ್ನು ಟೀಕಿಸುತ್ತಿದ್ದ ವೆರಾ ವೊಲೆನ್‌ಬರ್ಗರ್ ಅವರ ಮೇಲೆ ವರದಿ ಕೊಡುತ್ತಿದ್ದವರಲ್ಲಿ ಅವರ ಗಂಡನೂ ಇದ್ದ. ಅದು ಗೊತ್ತಾದದ್ದು ಗೋಡೆ ಬಿದ್ದ ಮೇಲೆ.

ಬಿಬಿಸಿಯ ಜರ್ಮನ್ ರೇಡಿಯೊದಲ್ಲಿ ಪೂರ್ವದ ಜನ ಬರೆದ ಸಹಿ ಇಲ್ಲದ ಪತ್ರಗಳನ್ನು ಓದುತ್ತಿದ್ದರು. ಅದಕ್ಕೆ ಬರೆದ ಗ್ರೈಫ್ಸ್‌ವಾಲ್ಡ್‌ನ ಒಬ್ಬ ಶಾಲಾ ಹುಡುಗನನ್ನು ಕೈಬರಹ ಹೋಲಿಸಿ ಪತ್ತೆ ಮಾಡಿದರು. ಎರಡು ವರ್ಷ ಜೈಲು.

ಮಗಳ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ನಾನು ಪೋಸ್ಟಿನಲ್ಲಿದ್ದವನು ಅಂತ ಮಗಳು ಹೇಳಿದ ಮೇಲೆ ನನ್ನನ್ನು ಒಂದು ಥರಾ ನೋಡಿದರು. ಆಮೇಲೆ ಕಾಫಿಗೆ ಕರೆದರು. ಅವರ ಅಕ್ಕ ಪಶ್ಚಿಮದ ಹಾನೋವರ್‌ನಲ್ಲಿದ್ದರಂತೆ. ಹಬ್ಬಕ್ಕೆ ಕಾಫಿಪುಡಿ, ಚಾಕೊಲೇಟು ಪಾರ್ಸೆಲ್ ಬರುತ್ತಿತ್ತು. ಡಬ್ಬದ ಮೇಲೆ ‘ಉಡುಗೊರೆ, ವ್ಯಾಪಾರದ ಸರಕಲ್ಲ’ ಅಂತ ಬರೆದಿರುತ್ತಿತ್ತು. ಪತ್ರದಲ್ಲಿ ಮಳೆ, ಚಳಿ, ಮೊಣಕಾಲು ನೋವು, ಇಷ್ಟೇ. ಬೇರೆ ಏನೂ ಬರೆಯುತ್ತಿರಲಿಲ್ಲ. ಯಾರೋ ಓದುತ್ತಾರೆ ಅಂತ ಇಬ್ಬರಿಗೂ ಗೊತ್ತು. 1978ರಲ್ಲಿ ಪತ್ರ ನಿಂತಿತು. ಅಕ್ಕನಿಗೆ ಯಾಕೋ ಕೋಪ ಅಂದುಕೊಂಡು ಇವರೂ ಬರೆಯಲಿಲ್ಲ. 1992ರಿಂದ ಜನ ತಂತಮ್ಮ ಫೈಲು ನೋಡಬಹುದು ಅಂತಾಯಿತಲ್ಲ, ಇವರೂ ಅರ್ಜಿ ಹಾಕಿದರು. ಫೈಲಿನಲ್ಲಿ ಅಕ್ಕನ ಪತ್ರ ಸಿಕ್ಕಿತು. ‘ಎರಡು ಪತ್ರ ಹಾಕಿದರೂ ಉತ್ತರ ಇಲ್ಲ, ನನ್ನ ಮೇಲೆ ಸಿಟ್ಟೇನೇ?’ ಅಂತ ಅದರಲ್ಲಿತ್ತು. ಅಷ್ಟು ಹೊತ್ತಿಗೆ ಅಕ್ಕ ತೀರಿಹೋಗಿ ನಾಲ್ಕು ವರ್ಷ.

ಅಜ್ಜಿ ಟೈಲರಿಂಗ್ ಮಾಡಿಕೊಂಡಿದ್ದವರು. ಯಾವ ಪಕ್ಷಕ್ಕೂ ಸೇರಿದವರಲ್ಲ, ಜೈಲು ಕಂಡವರಲ್ಲ. ತಪ್ಪು ಮಾಡದವರೇ ಅಲ್ವಾ? ಈಗಲೂ ಮೆಟ್ಟಿಲ ಮೇಲೆ ಸಿಕ್ಕರೆ ಪಿಸುಮಾತು. ಬಾಗಿಲು ಹಾಕಿಕೊಂಡ ಮೇಲೆಯೇ ಅವರ ದನಿ ಏರುವುದು. ಕಾಫಿ ಮಾತ್ರ ನೀರು ನೀರಾಗಿತ್ತು, ಅದು ಬೇರೆ ವಿಷಯ.

ಅಲ್ಲಿಗೂ ಇಲ್ಲಿಗೂ ಹೋಲಿಕೆಯೇ ಅಂತ ಕೇಳಬಹುದು. ಇಲ್ಲ, ನಮ್ಮದು ಹಾಗಾಗಿಲ್ಲ. ಆದರೆ ಪತ್ರ ತಡೆಯುವ ಅಧಿಕಾರ ನಮ್ಮ ಕಾನೂನಿನಲ್ಲಿ ಬ್ರಿಟಿಷರ 1898ರ ಅಂಚೆ ಕಾಯ್ದೆಯಿಂದಲೂ ಇದೆ. 1986ರಲ್ಲಿ ಅದನ್ನು ಇನ್ನೂ ಅಗಲ ಮಾಡುವ ಮಸೂದೆ ಎರಡೂ ಸದನದಲ್ಲಿ ಪಾಸಾಗಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡುಬಿಟ್ಟರು. ಆಗ ನಮ್ಮ ಆಫೀಸಿನಲ್ಲಿ ಅವರನ್ನು ಆಡಿಕೊಂಡು ನಗುತ್ತಿದ್ದವರೇ ಜಾಸ್ತಿ, ನಾನೂ ಒಬ್ಬ. ಹಳೆಯದನ್ನು ತೆಗೆದು 2023ರಲ್ಲಿ ಮಾಡಿದ ಹೊಸ ಅಂಚೆ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೂ ದೇಶದ ಭದ್ರತೆ, ತುರ್ತು, ಸಾರ್ವಜನಿಕ ಸುರಕ್ಷತೆ ಮುಂತಾದ ಕಾರಣಕ್ಕೆ ಪತ್ರ ತೆರೆಯುವ ಅಧಿಕಾರ ಇದೆ. ಯಾವ ಪಕ್ಷ ಬಂದರೂ ಆ ಸೆಕ್ಷನ್ ಮಾತ್ರ ಯಾರಿಗೂ ಬೇಡವಾಗಿಲ್ಲ.

ಅಂಥ ಅಧಿಕಾರ ಹೇಗೆ ನಡೆಯುತ್ತದೆ ಅಂತ ನನಗೆ ಗೊತ್ತು. 1976ರ ಜನವರಿಯಲ್ಲಿ ಕೆಲಸಕ್ಕೆ ಸೇರಿದೆ, ತುರ್ತು ಪರಿಸ್ಥಿತಿಯ ಕಾಲ. ನನಗೆ 22 ವರ್ಷ. ಊರಿನ ಹೆಸರು ಬೇಡ. ಸಾರ್ಟಿಂಗ್ ಪೆಟ್ಟಿಗೆಯ ಒಳಬದಿಗೆ ಒಂದು ಚೀಟಿ ಅಂಟಿಸಿತ್ತು. ಏಳು ಹೆಸರು, ಟೈಪ್ ಮಾಡಿದ್ದಲ್ಲ, ಕೈಯಲ್ಲಿ ಬರೆದದ್ದು. ಇವರದ್ದು ಬಂದರೆ ಪಕ್ಕಕ್ಕೆ ಇಡಪ್ಪ ಅಂತ ಹಿರಿಯರು ಹೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ. ಅವರೂ ಗದರಿಸಲಿಲ್ಲ, ಟೀ ಕುಡಿಯುತ್ತಾ ಹೇಳಿದ್ದು. ಸಂಜೆ ಮಫ್ತಿಯಲ್ಲಿ ಒಬ್ಬರು ಬಂದು ತೆಗೆದುಕೊಂಡು ಹೋಗುತ್ತಿದ್ದರು. ಕೆಲವು ಎರಡು ದಿನ ಬಿಟ್ಟು ವಾಪಸ್ ಬರುತ್ತಿದ್ದವು, ಕೆಲವು ಇಲ್ಲ. ಅದಕ್ಕೆ ರಿಜಿಸ್ಟರ್ ಇರಲಿಲ್ಲ.

ಆ ಏಳರಲ್ಲಿ ಒಬ್ಬರು ಪ್ರೈಮರಿ ಶಾಲೆಯ ಮೇಷ್ಟ್ರು. ಕಾಲೇಜು ಓದುತ್ತಿದ್ದ ಮಗ ಮೀಸಾದಲ್ಲಿ, ಅಂದರೆ ವಿಚಾರಣೆ ಇಲ್ಲದೆ ಹಿಡಿದಿಡುವ ಕಾಯ್ದೆಯಲ್ಲಿ, ಒಳಗಿದ್ದ. ಮೇಷ್ಟ್ರು ದಿನಾ ಶಾಲೆ ಬಿಟ್ಟ ಮೇಲೆ ಕಿಟಕಿಗೆ ಬರುತ್ತಿದ್ದರು. ಒಂದು ದಿನ ಜೈಲಿನ ಮೊಹರು ಬಿದ್ದ ನೀಲಿ ಇನ್‌ಲ್ಯಾಂಡ್ ಪತ್ರ ಬಂದಿತ್ತು. ನಾನೇ ಎತ್ತಿ ಆ ಕಡೆಯ ಟ್ರೇಗೆ ಹಾಕಿದ್ದೆ. ಅವರು ಬಂದಾಗ ಅದು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ‘ನಂದೇನಾದ್ರೂ ಇದೆಯೇನಪ್ಪಾ?’ ಅಂತ ಕೇಳಿದರು.

‘ಇಲ್ಲ ಮೇಷ್ಟ್ರೇ’ ಅಂದೆ.

ಇಂತಿ,
ಒಬ್ಬ ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್, ತಿಪಟೂರು