ವೈನ್ ತಿಳಿಯಾಗಲು ಪಟಿಕ ಬೇಡ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹತ್ತಿರ ಬರುತ್ತಿದ್ದಂತೆ ಪುರವಣಿಗಳಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವ ವಿಧಾನಗಳು ಓಡಾಡತೊಡಗುತ್ತವೆ. ಹೆಚ್ಚಿನವು ಮುಗಿಯುವುದು ಒಂದೇ ಸಾಲಿನಲ್ಲಿ: ‘ಇಪ್ಪತ್ತೊಂದು ದಿನದ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿ.’ ಕೆಲಸ ಕೆಡುವುದು ಅಲ್ಲೇ. ಬಟ್ಟೆಯಲ್ಲಿ ಸಿಪ್ಪೆ, ಬೀಜ ನಿಲ್ಲುತ್ತವೆ, ಈಸ್ಟ್ ನಿಲ್ಲುವುದಿಲ್ಲ. ಅದರ ಕಣ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಮೇಲಿಂದ ಸುರಿದು ಸೋಸುವಾಗ ಗಾಳಿ ಬೆರೆತು ಬಣ್ಣ ಕಂದುತ್ತದೆ, ವೈನ್ ವಿನೆಗರ್ ಆಗಲು ದಾರಿಯಾಗುತ್ತದೆ. ಇಷ್ಟಾದ ಮೇಲೂ ಬಾಟಲಿಯಲ್ಲಿ ಬಗ್ಗಡ ಹಾಗೇ ಉಳಿದರೆ ಜನ ಸಂಪಿನ ನೀರಿಗೆ ಹಾಕುವ ಪಟಿಕಕ್ಕೆ ಕೈ ಹಾಕುತ್ತಾರೆ. ಬೆಂಗಳೂರು ಬ್ಲೂ ಮತ್ತು ದಿಲ್‌ಖುಷ್ ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರ, ಕೋಲಾರದ ಮನೆಗಳಿಗೆ ಈ ವಿಷಯ ಸರಿಯಾಗಿ ತಿಳಿಯಲಿ ಎಂದು ಈ ಪತ್ರ.

ಪಟಿಕ ನೀರಿನಲ್ಲಿ ಕೆಲಸ ಮಾಡುವುದಕ್ಕೆ ಕಾರಣವಿದೆ. ನೀರಿನ ಪಿಎಚ್ ಏಳರ ಆಸುಪಾಸು ಇರುವುದರಿಂದ ಅದರ ಅಲ್ಯೂಮಿನಿಯಂ ಹತ್ತಿಯಂಥ ಗಡ್ಡೆಯಾಗಿ ಮಣ್ಣನ್ನು ಹಿಡಿದು ತಳಕ್ಕಿಳಿಯುತ್ತದೆ. ವೈನಿನ ಪಿಎಚ್ 3.2ರಿಂದ 3.6. ಅಷ್ಟು ಹುಳಿಯಲ್ಲಿ ಆ ಗಡ್ಡೆ ಕಟ್ಟುವುದೇ ಇಲ್ಲ. ಅಲ್ಯೂಮಿನಿಯಂ ಕರಗಿದ ಹಾಗೇ ವೈನಿನಲ್ಲಿ ಉಳಿಯುತ್ತದೆ, ಬಾಯಿ ಒಗರಾಗುತ್ತದೆ, ಬಗ್ಗಡ ಮಾತ್ರ ಇದ್ದಲ್ಲೇ ಇರುತ್ತದೆ. ಪಟಿಕ ಹಾಕಿದ ವೈನನ್ನು ಸರಿಪಡಿಸಲು ಮನೆಯಲ್ಲಿ ದಾರಿಯಿಲ್ಲ.

ಏನನ್ನಾದರೂ ಹಾಕುವ ಮೊದಲು ಬಗ್ಗಡ ಯಾವುದರದ್ದು ಎಂದು ಗೊತ್ತಾಗಬೇಕು. ಹುದುಗು ಪೂರ್ತಿ ನಿಂತಿರಬೇಕು: ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುಕೊಳವೆ) ಮೂರು ದಿನ ಒಂದೇ ಅಂಕಿ ತೋರಿಸಬೇಕು. ಸಾಮಾನ್ಯವಾಗಿ ಅದು 1.000ಕ್ಕಿಂತ ಕೆಳಗಿರುತ್ತದೆ. ಸಕ್ಕರೆ ಜಾಸ್ತಿ ಬಿದ್ದಿದ್ದರೆ ಮೇಲೆ ನಿಲ್ಲಬಹುದು, ಆದರೆ ಅಂಕಿ ಅಲುಗಬಾರದು. ಆಮೇಲೆ ಅರ್ಧ ಬಾಟಲಿ ವೈನ್ ತೆಗೆದು ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಿ. ‘ಫುಸ್’ ಎಂದು ಬೆರಳನ್ನು ತಳ್ಳಿದರೆ ಒಳಗೆ ಇನ್ನೂ ಗ್ಯಾಸ್ ಇದೆ ಎಂದರ್ಥ. ಗ್ಯಾಸಿನ ಗುಳ್ಳೆ ಗಸಿಯನ್ನು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಅದು ಹೋಗುವವರೆಗೆ ಯಾವ ಪುಡಿ ಹಾಕಿದರೂ ದಂಡ. ಉದ್ದನೆಯ ಸ್ಟೀಲ್ ಸೌಟಿನ ಹಿಡಿಯಿಂದ ನೊರೆ ಏಳದ ಹಾಗೆ ದಿನಕ್ಕೆ ಎರಡು ಸಲ, ಎರಡು ಮೂರು ದಿನ ಕಲಕಿದರೆ ಹೋಗುತ್ತದೆ. ಬರೀ ಈಸ್ಟ್ ಬಗ್ಗಡವಾದರೆ ತಂಪಾದ ಮೂಲೆಯಲ್ಲಿ ಒಂದೆರಡು ತಿಂಗಳು ಇಟ್ಟರೆ ತಾನಾಗಿಯೇ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಮನೆ ವೈನಿಗೆ ಬೇಕಿರುವುದು ಬಹುಪಾಲು ಇಷ್ಟೇ ತಾಳ್ಮೆ.

ತಾಳ್ಮೆಗೂ ಇಳಿಯದ ಬಗ್ಗಡಗಳಲ್ಲಿ ಎರಡು ನಮ್ಮ ಅಡುಗೆಮನೆಯ ವಿಧಾನದಿಂದಲೇ ಬರುವಂಥವು. ಒಂದು ಪೆಕ್ಟಿನ್. ಬೆಂಗಳೂರು ಬ್ಲೂ ಹಣ್ಣನ್ನು ಹಿಚುಕಿದರೆ ತಿರುಳು ಗೋಲಿಯ ಹಾಗೆ ಸಿಪ್ಪೆಯಿಂದ ಜಾರಿ ಹೊರಬರುತ್ತದಲ್ಲ, ಆ ಲೋಳೆಯಲ್ಲಿ ಪೆಕ್ಟಿನ್ ಧಾರಾಳವಾಗಿದೆ. ಹಣ್ಣನ್ನು ಕುದಿಸಿ ಮಾಡುವವರು ಅದನ್ನೆಲ್ಲ ರಸಕ್ಕೆ ಇಳಿಸುತ್ತಾರೆ. ಪರೀಕ್ಷೆ ಸುಲಭ: ಒಂದು ಚಮಚ ವೈನಿಗೆ ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ ಬೆರೆಸಿ ಸ್ವಲ್ಪ ಹೊತ್ತು ಬಿಡಿ. ಎಳೆ ಎಳೆಯಾಗಿ, ಲೋಳೆ ಗಡ್ಡೆಯಾಗಿ ತೇಲಿದರೆ ಅದು ಪೆಕ್ಟಿನ್. (ಪರೀಕ್ಷೆಯ ಲೋಟವನ್ನು ತಕ್ಷಣ ಚೆಲ್ಲಿ, ಅದು ವಿಷ.) ಇದಕ್ಕೆ ಮದ್ದು ಪೆಕ್ಟಿನೇಸ್ ಎಂಬ ಕಿಣ್ವ. ಹಣ್ಣು ಹಿಸುಕಿದ ದಿನವೇ ಹಾಕುವುದು ಉತ್ತಮ. ವೈನ್ ಆದ ಮೇಲೆ ಹಾಕಿದರೂ ನಡೆಯುತ್ತದೆ, ಆದರೆ ಹೆಚ್ಚು ಬೇಕು, ನಿಧಾನ. ಇನ್ನೊಂದು ಗಂಜಿ ಬಗ್ಗಡ. ‘ಒಂದು ಹಿಡಿ ಗೋಧಿ ಹಾಕಿ’ ಎನ್ನುವ ವಿಧಾನಗಳಿಂದ ಬರುತ್ತದೆ. ನೀರು ಬೆರೆಸಿ ತೆಳುವಾಗಿಸಿದ ವೈನಿಗೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಟ್ಟಾಗ ನೀಲಿಗಪ್ಪಾದರೆ ಗೋಧಿಯದೇ ಕೆಲಸ. ಅಮೈಲೇಸ್ ಕಿಣ್ವ ಬೇಕಾಗುತ್ತದೆ. ಮುಂದಿನ ಸಲ ಗೋಧಿ ಬಿಡುವುದು ಅದಕ್ಕಿಂತ ಸುಲಭ. ವಿನೆಗರ್ ವಾಸನೆ, ಇಲಿ ಗೂಡಿನ ವಾಸನೆ ಇರುವ ಬಗ್ಗಡ ಬ್ಯಾಕ್ಟೀರಿಯಾದ್ದು. ಅದನ್ನು ತಿಳಿ ಮಾಡಿ ಉಳಿಸಲು ಹೋಗಬೇಡಿ.

ಇನ್ನು ಪ್ರೋಟೀನ್. ದಿಲ್‌ಖುಷ್‌ನಂಥ ಬಿಳಿ ದ್ರಾಕ್ಷಿಯ ವೈನ್ ಡಿಸೆಂಬರಿನಲ್ಲಿ ಗಾಜಿನಂತೆ ಹೊಳೆಯುತ್ತಿದ್ದು, ಏಪ್ರಿಲ್ ಬಿಸಿಲಿಗೆ ಹಾಲು ಬೆರೆತಂತೆ ಮಬ್ಬಾಗುವುದು ಇದರಿಂದ. ಕೆಂಪು ವೈನಿನಲ್ಲಿ ಸಿಪ್ಪೆಯ ಒಗರೇ ಬಹಳಷ್ಟು ಪ್ರೋಟೀನನ್ನು ಮೊದಲೇ ಹಿಡಿದು ಇಳಿಸಿರುತ್ತದೆ. ಪ್ರೋಟೀನಿಗೆ ಬೆಂಟೊನೈಟ್ ಜೇಡಿಯಷ್ಟು ಒಳ್ಳೆಯದು ಬೇರೊಂದಿಲ್ಲ. ಜೇಡಿಯ ಮೇಲೆ ಋಣ ವಿದ್ಯುದಂಶ, ವೈನಿನ ಹುಳಿಯಲ್ಲಿ ಪ್ರೋಟೀನಿನ ಮೇಲೆ ಧನ. ಎರಡೂ ಅಂಟಿಕೊಂಡು ಭಾರವಾಗಿ ಇಳಿಯುತ್ತವೆ.

ಬೆಂಟೊನೈಟ್ ಎಂದ ಕೂಡಲೇ ನಮ್ಮ ಊರುಗಳಲ್ಲಿ ಅರ್ಥಿಂಗ್ ಗುಂಡಿಗೆ ಸುರಿಯುವ ಚೀಲ ನೆನಪಾಗುತ್ತದೆ. ಅದು ಖಂಡಿತ ಬೇಡ. ನೆಲಕ್ಕೆ ಹಾಕಲು ಮಾಡಿದ ಪುಡಿಯಲ್ಲಿ ಸೀಸ, ಆರ್ಸೆನಿಕ್ ಎಷ್ಟಿದೆ ಎಂದು ಯಾರೂ ಅಳೆದು ಕೊಟ್ಟಿರುವುದಿಲ್ಲ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಬೇಡ. ವೈನಿಗೆಂದೇ ಮಾರುವ, ಆಹಾರ ದರ್ಜೆಯ ಸೋಡಿಯಂ ಬೆಂಟೊನೈಟ್ ಬೇಕು.

20 ಲೀಟರಿನ ಒಂದು ಕ್ಯಾನ್ ವೈನಿಗೆ ಲೆಕ್ಕ ಹೀಗೆ. 300 ಮಿ.ಲೀ. ನೀರನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ. 15 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ತಿರುವಿ. ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ, ಗಂಟಿನ ಒಳಗಿನ ಪುಡಿ ಒಣಗಿದಂತೆಯೇ ಉಳಿದು ಯಾವ ಕೆಲಸಕ್ಕೂ ಬರುವುದಿಲ್ಲ. ಮಿಕ್ಸಿಯಲ್ಲಿ ಒಂದು ಸುತ್ತು ಆಡಿಸಿದರೂ ಸರಿ. 24 ಗಂಟೆ ಮುಚ್ಚಿಡಿ. ಮರುದಿನ ಅದು ತೆಳು ರಾಗಿ ಅಂಬಲಿಯ ಹದದಲ್ಲಿ, ಒಂದೇ ಸಮನೆ ನುಣ್ಣಗಿರಬೇಕು. ಮೇಲೆ ತಿಳಿನೀರು, ಕೆಳಗೆ ಮಣ್ಣು ಎಂದು ಬೇರ್ಪಟ್ಟಿದ್ದರೆ ಪುಡಿ ಉಬ್ಬಿಲ್ಲ. ಉಬ್ಬದಿರಲು ಕಾರಣ ಹೆಚ್ಚಾಗಿ ನೀರು. ನಮ್ಮ ಆಳದ ಬೋರ್‌ವೆಲ್‌ಗಳ ಗಡಸು ನೀರಿನ ಕ್ಯಾಲ್ಸಿಯಂ ಜೇಡಿಯೊಳಗಿನ ಸೋಡಿಯಂ ಜಾಗಕ್ಕೆ ಸೇರಿಕೊಂಡು ಅದರ ಪದರಗಳು ಬಿಚ್ಚದಂತೆ ಮಾಡುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಇಡೀ ಕೆಲಸದಲ್ಲಿ ಜನ ಮರೆಯುವುದು ಇದನ್ನೇ.

ಈ ಅಂಬಲಿಯ ಒಂದು ಮಿ.ಲೀ.ನಲ್ಲಿ 0.05 ಗ್ರಾಂ ಬೆಂಟೊನೈಟ್ ಇರುತ್ತದೆ. ಇಡೀ ಕ್ಯಾನಿಗೆ ಸುರಿಯುವ ಮೊದಲು ನಾಲ್ಕು ಬಿಳಿ ಗಾಜಿನ ಬಾಟಲಿಗಳಲ್ಲಿ ತಲಾ 100 ಮಿ.ಲೀ. ವೈನ್ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನ ಸೂಜಿಯಿಲ್ಲದ ಸಿರಿಂಜಿನಿಂದ ಮೊದಲನೆಯದಕ್ಕೆ ಏನೂ ಹಾಕದೆ, ಉಳಿದವಕ್ಕೆ 0.5, 1, 2 ಮಿ.ಲೀ. ಹಾಕಿ ಕುಲುಕಿ. ಲೀಟರಿಗೆ ಕಾಲು ಗ್ರಾಂ, ಅರ್ಧ ಗ್ರಾಂ, ಒಂದು ಗ್ರಾಂ ಆಯಿತು. ಎರಡು ದಿನ ಬಿಟ್ಟು ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಬಿಡಿ. ಬೆಳಕಿನ ಕೋಲು ವೈನಿನೊಳಗೆ ಹೊಗೆಯಂತೆ ಕಾಣುತ್ತಿದ್ದರೆ ಬಗ್ಗಡ ಇನ್ನೂ ಇದೆ. ತಿಳಿಯಾದವುಗಳಲ್ಲಿ ಅತಿ ಕಡಿಮೆ ಹಾಕಿದ್ದು ಯಾವುದೋ ಅದೇ ನಿಮ್ಮ ಪ್ರಮಾಣ. ಬಿಳಿ ವೈನಾದರೆ ಆ ತಿಳಿಯನ್ನು 80 ಡಿಗ್ರಿ ನೀರಿನಲ್ಲಿ ಎರಡು ಗಂಟೆ ಇಟ್ಟು, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ನೋಡಿ; ಮತ್ತೆ ಮಬ್ಬಾದರೆ ಒಂದು ಹೆಜ್ಜೆ ಮೇಲಿನ ಪ್ರಮಾಣ. ಕಣ್ಣಳತೆಯಲ್ಲಿ ಜಾಸ್ತಿ ಹಾಕಿದರೆ ಕೆಂಪು ವೈನಿನ ಬಣ್ಣವೂ ಘಮವೂ ಜೇಡಿಯ ಜೊತೆ ತಳ ಸೇರುತ್ತವೆ.

ಅರ್ಧ ಗ್ರಾಂ ಸಾಕು ಎಂದಾದರೆ 20 ಲೀಟರಿಗೆ 200 ಮಿ.ಲೀ. ಅಂಬಲಿ. ಸಣ್ಣ ಧಾರೆಯಾಗಿ ಬಿಡುತ್ತಾ ಐದು ನಿಮಿಷ ಕಲಕಿ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕಲಕಿ. ಹತ್ತು ದಿನ ಕ್ಯಾನನ್ನು ಅಲುಗಿಸಬೇಡಿ. ಇದರ ಗಸಿ ಹತ್ತಿಯಂತೆ ಉಬ್ಬಿರುತ್ತದೆ, ಒಂದು ಲೀಟರಿಗೂ ಹೆಚ್ಚು ವೈನ್ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಪೈಪಿನ ತುದಿಯನ್ನು ಗಸಿಯಿಂದ ಎರಡು ಬೆರಳು ಮೇಲೆ ಹಿಡಿದು ತಿಳಿ ವೈನನ್ನು ಬೇರೆ ಕ್ಯಾನಿಗೆ ಇಳಿಸಿ, ಕೊನೆಯ ಲೋಟಕ್ಕೆ ಆಸೆ ಪಡಬೇಡಿ. ಇಳಿಸಿದ ವೈನಿಗೆ 1 ಗ್ರಾಂ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ ಪುಡಿ) ಹಾಕಿದರೆ ಗಾಳಿಯಿಂದ ಕೆಡುವುದು ತಪ್ಪುತ್ತದೆ. ಅಸ್ತಮಾ ಇರುವವರಿಗೆ ಇದು ಆಗದಿರಬಹುದು, ಹೇಳಿ ಕೊಡಿ. ಪೆಕ್ಟಿನೇಸ್ ಹಾಕುವುದಿದ್ದರೆ ಅದರ ಕೆಲಸ ಮುಗಿದ ಮೇಲೆಯೇ ಬೆಂಟೊನೈಟ್. ಕಿಣ್ವವೂ ಪ್ರೋಟೀನೇ, ಜೇಡಿ ಅದನ್ನೂ ಹಿಡಿದು ಇಳಿಸಿಬಿಡುತ್ತದೆ.

ಜೆಲಟಿನ್, ಮೊಟ್ಟೆಯ ಬಿಳಿ ಇವು ಕೆಂಪು ವೈನಿನ ಒಗರು ತಗ್ಗಿಸಲು. ಬಿಳಿ ವೈನಿನಲ್ಲಿ ಹಿಡಿಯಲು ಒಗರೇ ಇಲ್ಲದ ಕಾರಣ ಜೆಲಟಿನ್ ತಾನೇ ಬಗ್ಗಡವಾಗಿ ಉಳಿಯುತ್ತದೆ. ಸಿಹಿಯೂ ಬಣ್ಣವೂ ಇಲ್ಲದ ಜೆಲಟಿನ್ 1 ಗ್ರಾಂ ಅನ್ನು 100 ಮಿ.ಲೀ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆಚ್ಚಗೆ ಮಾಡಿ ಕರಗಿಸಿ. ಕುದಿಸಿದರೆ ಶಕ್ತಿ ಹೋಗುತ್ತದೆ. 20 ಲೀಟರಿಗೆ ಇಷ್ಟೇ ಸಾಕು, 2 ಗ್ರಾಂ ದಾಟಬೇಡಿ. ಮೊಟ್ಟೆಯಾದರೆ 225 ಲೀಟರಿನ ದೊಡ್ಡ ಪೀಪಾಯಿಗೇ ಐದರಿಂದ ಎಂಟು ಮೊಟ್ಟೆಯ ಬಿಳಿ ಹಾಕುವುದು ರೂಢಿ. ನಮ್ಮ ಕ್ಯಾನಿಗೆ ಅರ್ಧ ಮೊಟ್ಟೆಯ ಬಿಳಿ, ಒಂದು ಚಿಟಿಕೆ ಉಪ್ಪು, ಸ್ವಲ್ಪ ನೀರು. ನೊರೆ ಬರುವಂತೆ ಕಡೆಯಬಾರದು, ನೊರೆಯಾದ ಬಿಳಿ ಮೇಲೆಯೇ ತೇಲುತ್ತದೆ. ಎರಡಕ್ಕೂ ತಂಪು ಒಳ್ಳೆಯದು, ಡಿಸೆಂಬರ್–ಜನವರಿಯ ನಮ್ಮ ರಾತ್ರಿಗಳು ಹೇಳಿ ಮಾಡಿಸಿದಂತಿವೆ. ಇವನ್ನು ಬೆಂಟೊನೈಟ್ ಜೊತೆ ಒಟ್ಟಿಗೆ ಹಾಕಿದರೆ ಒಂದನ್ನೊಂದು ಹಿಡಿದು ಕೂರುತ್ತವೆ, ವೈನಿನ ಬಗ್ಗಡ ಬಗ್ಗಡವಾಗಿಯೇ ಇರುತ್ತದೆ.

ಜೆಲಟಿನ್ ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು. ಅದನ್ನೋ ಮೊಟ್ಟೆಯನ್ನೋ ಹಾಕಿದ್ದರೆ ಬಾಟಲಿಯ ಮೇಲೆ ಬರೆಯಿರಿ. ತಿಳಿಯಾದ ವೈನ್ ನೋಡಿ ಸಸ್ಯಾಹಾರಿ ನೆಂಟರಿಗೆ ಅದು ಗೊತ್ತಾಗುವುದಿಲ್ಲ, ಮೊಟ್ಟೆ ಅಲರ್ಜಿ ಇರುವವರಿಗೂ ಗೊತ್ತಾಗುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯ ತಯಾರಿಕೆಗೂ ಮಾರಾಟಕ್ಕೂ ಪರವಾನಗಿಯ ನಿಯಮವಿದೆ. ಮಾಡುವವರು ಮೊದಲು ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಲಿ. ತಮ್ಮ ಪತ್ರಿಕೆಯೂ ಮುಂದೆ ಇಂಥ ವಿಧಾನ ಪ್ರಕಟಿಸುವಾಗ ‘ಬಟ್ಟೆಯಲ್ಲಿ ಸೋಸಿ’ ಎಂಬ ಸಾಲಿನ ಜಾಗದಲ್ಲಿ ‘ಗಸಿ ಕೂರಲು ಬಿಟ್ಟು ಪೈಪಿನಿಂದ ಇಳಿಸಿ’ ಎಂದು ಅಚ್ಚು ಹಾಕಬೇಕೆಂದು ಕೋರುತ್ತೇನೆ.

— ದ್ರಾಕ್ಷಿ ಬೆಳೆಗಾರರೊಬ್ಬರು, ಚಿಕ್ಕಬಳ್ಳಾಪುರ