ತೊಟ್ಟಿಲನ್ನು ಬೈಪಾಸ್ ಆಚೆ ಕಳಿಸೋಣವೇ? – ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಏಳು ನಿಮಿಷದ್ದು. ಅದರಲ್ಲಿ ಎರಡು ನಿಮಿಷ ನಿನ್ನ ನಾಯಿ ಬೊಗಳಿದ್ದು. ಉಳಿದ ಐದು ನಿಮಿಷದಲ್ಲಿ ನೀನು ದಾವಣಗೆರೆಯನ್ನು ಸರಿಮಾಡಿ ಮುಗಿಸಿದ್ದೀಯ. "ಊರ ನಟ್ಟನಡುವೆ ಆ ಎಕ್ಸಿಬಿಷನ್ನು, ಸರ್ಕಸ್ಸು, ಪಟಾಕಿ ಅಂಗಡಿ ಎಲ್ಲಾ ಯಾಕ್ರಲೇ? ಎತ್ತಿ ಬೈಪಾಸ್ ಆಚೆ ಹಾಕ್ರಿ. ನಮ್ಮ ಸಿಡ್ನಿನಾಗೆ ಹಂಗೇ ಮಾಡ್ಯಾರೆ" ಅಂದೆಯಲ್ಲ. ನಮ್ಮ ಸಿಡ್ನಿ! ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ಹೋದರೆ ಜಗಳ ಆಗುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಕಡೆಯ ಮಾತು ಒಪ್ಪಿಕೊಂಡುಬಿಡುತ್ತೇನೆ. ಹೈಸ್ಕೂಲ್ ಮೈದಾನಕ್ಕೆ ಎಕ್ಸಿಬಿಷನ್ ಬಂದರೆ ಹಳೇ ಪಿ.ಬಿ. ರಸ್ತೆಯಲ್ಲಿ ಸಂಜೆ ಆರರ ಮೇಲೆ ಸ್ಕೂಟರ್ ಓಡಿಸುವುದು ಪಾಪದ ಕೆಲಸ. ಹತ್ತು ವರ್ಷದ ಹಿಂದೆ ಅವ್ವನಿಗೆ ಉಸಿರು ಕಟ್ಟಿದಂತಾಯಿತು. ಹಳೇ ಊರಿನಿಂದ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿತ್ತು. ಅದು ತೆಗೆದ ಮೇಲೆ ಮೈದಾನದ ಕಡೆಯ ಜನ. ಹಿಂದೆ ಹೋಗೋ ಹಾಗಿಲ್ಲ, ಮುಂದೆ ಹೋಗೋ ಹಾಗಿಲ್ಲ. ಕಾಲು ಗಂಟೆ ನಿಂತಲ್ಲೇ ನಿಂತೆವು. ನನ್ನ ಕೈ ನಡುಗುತ್ತಿತ್ತು. ಅವ್ವ ಮಾತ್ರ ಆಟೋದ ಪಕ್ಕದಿಂದ ಕತ್ತು ಚಾಚಿ ಎಕ್ಸಿಬಿಷನ್ನಿನ ತಿರುಗೋ ದೊಡ್ಡ ತೊಟ್ಟಿಲು ನೋಡುತ್ತಾ, "ಈ ಸಲ ಲೈಟು ಚೆನ್ನಾಗಿದಾವೆ" ಅಂದಳು. ಅವಳು ಹುಷಾರಾದಳು. ಅದಕ್ಕೇ ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗದೇ ಹೋಗಿದ್ದರೆ ನಾನೇ ಮೊದಲು "ಎತ್ತಿ ಹಾಕ್ರಿ" ಅಂತಿದ್ದೆನೋ ಏನೋ.

ಇನ್ನೊಂದು ಮಗಳದ್ದು. ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ತಿಂಗಳು ಮೈದಾನದಿಂದ ರಾತ್ರಿಯೆಲ್ಲಾ ಮೈಕು. "ಬನ್ನಿ ಬನ್ನಿ, ಮೀನಿನ ಮೈ, ಮನುಷ್ಯಳ ಮುಖ" ಅಂತ. ಇವಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಅದನ್ನೇ ಬಾಯಿಪಾಠ ಮಾಡಿದ್ದಳು. ನಿಯಮ ಇಲ್ಲ ಅಂತಲ್ಲ. 2000ದಲ್ಲೇ ಕೇಂದ್ರದ ಶಬ್ದಮಾಲಿನ್ಯ ನಿಯಮ ಬಂದಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು ಹಾಕುವ ಹಾಗಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಹೈಸ್ಕೂಲ್ ಮೈದಾನ ಅಂದರೆ ಹೆಸರಲ್ಲೇ ಹೈಸ್ಕೂಲ್ ಇದೆ, ನೋಡು.

ಮತ್ತೆ ಮೊಳೆಗಳು. ಎಕ್ಸಿಬಿಷನ್ ಹೋದ ಮೇಲೆ ಮೈದಾನ ನೋಡಿದ್ದೀಯಾ? ಕಂಬ ಕಿತ್ತ ಗುಂಡಿ, ತಗಡಿನ ತುಂಡು, ತುಕ್ಕು ಹಿಡಿದ ಮೊಳೆ, ಐಸ್‌ಕ್ರೀಮ್ ಕಡ್ಡಿ. ನಾವು ಬರಿಗಾಲಲ್ಲಿ ಆಡಿದ ಜಾಗ ಅದು. ನನ್ನ ಎಡಗಾಲಿನ ಕಲೆ ಇನ್ನೂ ಹಾಗೇ ಇದೆ. ನೀನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಟಿಟಿ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗಿದ್ದೆ. ಈಗಿನ ಹುಡುಗರು ಒಂದು ತಿಂಗಳು ಕ್ರಿಕೆಟ್ ಬಿಟ್ಟು ಕೂರುತ್ತಾರೆ, ಆಮೇಲೆ ಒಂದು ವಾರ ಮೊಳೆ ಆರಿಸುತ್ತಾರೆ. ಇದನ್ನು ನಾನು ಸಣ್ಣ ವಿಷಯ ಅಂತ ಹೇಳೋದಿಲ್ಲ.

ಇಷ್ಟೆಲ್ಲಾ ಒಪ್ಪಿಕೊಂಡ ಮೇಲೂ ನಾನು ನಿನ್ನ ಕಡೆ ಬರಲ್ಲ. ಯಾಕೆ ಅಂತ ಕೇಳು.

ಹೋದ ಸಲ ಎಕ್ಸಿಬಿಷನ್ ಬಂದಾಗ ಒಂದು ದಿನ ಅಂಗಡಿ ಬಾಗಿಲು ಹಾಕಿ ಸುಮ್ನೆ ಒಬ್ಬನೇ ಹೋಗಿದ್ದೆ. ರಾತ್ರಿ ಒಂಬತ್ತು ಗಂಟೆ. ಗೇಟಿನ ಎಡಕ್ಕೆ ಮಿರ್ಚಿ ಬಾಣಲೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದು ಒಂದು ಸಲ ಮುಳುಗಿ ಮೇಲೆ ಬರುತ್ತಿತ್ತು. ಪಕ್ಕದ ಹುಡುಗ ಮಂಡಕ್ಕಿಗೆ ಒಗ್ಗರಣೆ ಹಾಕಿ ಬುಟ್ಟಿಯಲ್ಲಿ ಕುಲುಕುತ್ತಿದ್ದ. ದೆಹಲಿ ಹಪ್ಪಳದವನು ಹಪ್ಪಳದ ಮೇಲೆ ಖಾರಪುಡಿ ಉದುರಿಸಿದರೆ ಅದು ಹಿಂದೆ ನಿಂತವರ ಕಣ್ಣಿಗೆ. ನೀರಿನ ಟ್ಯಾಂಕರ್ ಬಂದು ಹೋಗಿದ್ದರೂ ಧೂಳು ಮೊಣಕಾಲ ತನಕ. ಅದರಲ್ಲೇ ಒಬ್ಬಳು ಬಳೆಗಾರ್ತಿ. ಜಗಳೂರು ಕಡೆಯ ಹಳ್ಳಿಯವಳು. ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಬಳೆಯ ಗೊಂಚಲುಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಒಂದು ಚಾರ್ಜಿಂಗ್ ಲೈಟು ಇಟ್ಟುಕೊಂಡು ಕೂತಿದ್ದಳು. ಒಬ್ಬ ಹುಡುಗಿಯ ಕೈ ಹಿಡಿದು ಹೆಬ್ಬೆರಳ ಬುಡ ಒತ್ತಿ ಒತ್ತಿ ಬಳೆ ಏರಿಸುತ್ತಿದ್ದಳು. ಹುಡುಗಿ "ಅಯ್ಯಯ್ಯೋ" ಅನ್ನುತ್ತಿದ್ದಳು. ಒಂದೂ ಒಡೆಯಲಿಲ್ಲ.

ನಾನು ಕೇಳಿದೆ: "ಇದನ್ನ ಬೈಪಾಸ್ ಕಡೆ ಹಾಕಿದ್ರೆ ಹೆಂಗಮ್ಮಾ?"

ಅವಳು ತಲೆ ಎತ್ತಲಿಲ್ಲ. "ಈಗ ಬಸ್ ಇಳಿದು ಗಂಟು ತಲೆ ಮ್ಯಾಲೆ ಇಟ್ಕಂಡು ನಡ್ಕಂತ ಬತ್ತೀನಿ. ಅಲ್ಲಿಗೆ ಆಟೋದೋನಿಗೆ ಕೊಟ್ಟು ನಾನೇನು ತಿನ್ಲಿ? ಆಮ್ಯಾಕೆ, ಕಾರ್‌ನಾಗೆ ಬಂದೋರು ಬಳೆ ಎಲ್ಲಿ ಇಟ್ಟುಸ್ಕಂತಾರಣ್ಣ. ಫೋಟೋ ಹೊಡ್ಕಂಡು ಹೋಕ್ಕಾರೆ."

ನನ್ನ ವಾದ ಇದರ ಮುಂದೆ ಹೋಗಲ್ಲ ದೋಸ್ತ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಮಂಡಿಪೇಟೆ, ಚೌಕಿಪೇಟೆ, ಎಲ್ಲಾ ಮೈದಾನಕ್ಕೆ ನಡೆದು ಹೋಗುವಷ್ಟು ದೂರ. ಹರಿಹರದಿಂದ, ಚನ್ನಗಿರಿಯಿಂದ, ಜಗಳೂರಿನಿಂದ ಬಂದ ಜನ ಆಸ್ಪತ್ರೆಗೆ ತೋರಿಸಿ, ಬಟ್ಟೆ ತಗೊಂಡು, ಮಕ್ಕಳನ್ನು ತೊಟ್ಟಿಲಲ್ಲಿ ಕೂರಿಸಿ, ಕೊನೆ ಬಸ್ಸಿಗೆ ಊರು ಸೇರಬಹುದು. ಮೈದಾನವನ್ನು ಬೈಪಾಸಿನ ಆಚೆ ಹಾಕಿದರೆ ಅದು ಮೈದಾನಕ್ಕೇ ಅಂತ ಬೇರೆ ದಿನ ಮಾಡಿಕೊಂಡು ಬರಬೇಕಾದ ಜಾಗ ಆಗುತ್ತೆ. ಹಂಗೆ ಬೇರೆ ದಿನ ಯಾರ ಹತ್ತಿರ ಇದೆ? ಗಾಡಿ ಇದ್ದವರ ಹತ್ತಿರ. ಕುಂದುವಾಡ ಕೆರೆ ಹತ್ತಿರದ ಗಾಜಿನಮನೆಗೆ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದೆವು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಅಲ್ಲಿ ನಾನು ಕಂಡಿದ್ದು ಬರೀ ಬೈಕು, ಕಾರು. ಗಂಟು ಹೊತ್ತವರು ಒಬ್ಬರೂ ಇರಲಿಲ್ಲ.

ಹಾಂ, ನನ್ನ ಸ್ವಾರ್ಥವೂ ಇದೆ, ಮುಚ್ಚಿಡಲ್ಲ. ಎಕ್ಸಿಬಿಷನ್ ಇದ್ದ ತಿಂಗಳು ನಮ್ಮ ಪಾತ್ರೆ ಅಂಗಡಿಯಲ್ಲಿ ಸಂಜೆ ವ್ಯಾಪಾರ ಜಾಸ್ತಿ. ತೊಟ್ಟಿಲು ನೋಡಲು ಬಂದವರು ಒಂದು ಡಬರಿ, ಎರಡು ತಟ್ಟೆ ತಗೊಂಡು ಹೋಗುತ್ತಾರೆ. ಅದನ್ನು ಕಳೆದು ಲೆಕ್ಕ ಹಾಕಿಕೋ.

ಈಗ ನಿನ್ನ ಸಿಡ್ನಿಗೆ ಬರುತ್ತೇನೆ. ನೀನು ಹೇಳಿದ ಮೇಲೆ ಓದಿದೆ. ನಿಮ್ಮ ಈಸ್ಟರ್ ಶೋ, ಅಂದರೆ ಅಲ್ಲಿಯ ದೊಡ್ಡ ಜಾತ್ರೆ, 1882ರಿಂದ ಊರ ಪಕ್ಕದ ಮೂರ್ ಪಾರ್ಕ್‌ನಲ್ಲಿ ನಡೆಯುತ್ತಿತ್ತು. 1997ರಲ್ಲಿ ಅಲ್ಲಿ ಕೊನೆಯ ಶೋ. 1998ರಿಂದ ಹೋಮ್‌ಬುಷ್‌ನಲ್ಲಿ, ಒಲಿಂಪಿಕ್ಸ್‌ಗೆ ಅಂತ ಸಿದ್ಧವಾಗುತ್ತಿದ್ದ ಜಾಗದಲ್ಲಿ. ಊರ ನಡುವಿನಿಂದ ಸುಮಾರು 15 ಕಿಲೋಮೀಟರ್. ಅಂದರೆ ನಮಗೆ ಇಲ್ಲಿಂದ ಹರಿಹರ. ಸರಿ, ಹೋದರು. ಆದರೆ ನಿನ್ನ ಮೆಸೇಜಿನಲ್ಲಿ ಒಂದು ಮಾತು ಬಿಟ್ಟೆಯಲ್ಲ ಮಾರಾಯ. ಅದೇ 1998ರ ಮಾರ್ಚ್‌ನಲ್ಲಿ, ಆ ವರ್ಷದ ಶೋ ಶುರುವಾಗುವ ಮೊದಲೇ, ಅಲ್ಲಿ ಒಲಿಂಪಿಕ್ ಪಾರ್ಕ್ ಅಂತ ರೈಲ್ವೆ ಸ್ಟೇಷನ್ ಕಟ್ಟಿ ರೈಲು ಬಿಟ್ಟಿದ್ದರು. ಮೊದಲು ರೈಲು, ಆಮೇಲೆ ತೊಟ್ಟಿಲು. ನಮ್ಮಲ್ಲಿ ಮೊದಲು ತೊಟ್ಟಿಲು ಹೋಗುತ್ತೆ. ಸಿಟಿ ಬಸ್ಸು ಬಿಡುತ್ತೇವೆ ಅಂತ ಹೇಳುತ್ತಾರೆ. ಬಸ್ಸು ಎಂಟು ಗಂಟೆಗೆ ನಿಲ್ಲುತ್ತೆ. ಜಾತ್ರೆ ಕಳೆ ಕಟ್ಟುವುದೇ ಎಂಟು ಗಂಟೆಗೆ, ಅಲ್ವಾ?

ಆ ಹಳೇ ಜಾಗ ಏನಾಯಿತು ಅಂತಲೂ ನೋಡಿದೆ. ಸಿನಿಮಾ ಸ್ಟುಡಿಯೋ ಆಯಿತಂತೆ. ನಮ್ಮಲ್ಲಿ ಖಾಲಿ ಜಾಗ ಏನಾಗುತ್ತೆ ಅಂತ ನಿನಗೆ ಹೇಳಬೇಕಾ? ಡಿಸಿಎಂ ಅಂದರೆ ನಿಮ್ಮಪ್ಪನಿಗೂ ನಮ್ಮಪ್ಪನಿಗೂ ದಾವಣಗೆರೆ ಕಾಟನ್ ಮಿಲ್ಲು. ಸೈರನ್ ಕೂಗಿದರೆ ಊರೆಲ್ಲಾ ಟೈಮ್ ನೋಡಿಕೊಳ್ಳುತ್ತಿತ್ತು. ಈಗಿನ ಹುಡುಗರಿಗೆ ಡಿಸಿಎಂ ಅಂದರೆ ಟೌನ್‌ಶಿಪ್ಪು. ಊರ ನಡುವಿನ ಮೈದಾನದಿಂದ ಎಕ್ಸಿಬಿಷನ್ ಎದ್ದು ಹೋಯಿತು ಅಂದುಕೋ. ಮೊದಲ ವರ್ಷ ಹುಡುಗರು ಆಡುತ್ತಾರೆ. ಎರಡನೇ ವರ್ಷ ಒಂದು ಮೂಲೆಯಲ್ಲಿ ಪಾರ್ಕಿಂಗ್. ಮೂರನೇ ವರ್ಷ ರಸ್ತೆ ಬದಿಗೆ ಮಳಿಗೆ ಸಾಲು. ಆಮೇಲೆ ಮೈದಾನ ಅನ್ನುವುದು ಬಸ್ ಸ್ಟಾಪಿನ ಹೆಸರಾಗಿ ಉಳಿಯುತ್ತೆ. ಇದು ನನ್ನ ಭಯ ಅಷ್ಟೇ, ಸುದ್ದಿ ಅಲ್ಲ.

ಖಾಲಿ ಮೈದಾನದ ಬೆಲೆ ನಮಗೆ ಗೊತ್ತಾಗಿದ್ದು ಸರ್ಕಾರಿ ಬಸ್ ಸ್ಟ್ಯಾಂಡ್ ಕೆಡವಿ ಹೊಸದಾಗಿ ಕಟ್ಟುವಾಗ. ಬಸ್ಸುಗಳೆಲ್ಲಾ ಬಂದು ನಿಂತಿದ್ದು ಇದೇ ಹೈಸ್ಕೂಲ್ ಮೈದಾನದಲ್ಲಿ. 2011ರ ಜನಗಣತಿಯಲ್ಲೇ ನಮ್ಮೂರು 4 ಲಕ್ಷ 34 ಸಾವಿರ ದಾಟಿತ್ತು. ಅಷ್ಟು ದೊಡ್ಡ ಊರಿನ ಬಸ್ ಸ್ಟ್ಯಾಂಡನ್ನು ಎತ್ತಿ ಇಡಲು ಊರೊಳಗೆ ಬೇರೆ ಯಾವ ಜಾಗ ಇತ್ತು ಹೇಳು ನೋಡೋಣ?

ಮೈಸೂರಿನವರನ್ನು ನೋಡು. ದಸರಾ ವಸ್ತುಪ್ರದರ್ಶನ ಇವತ್ತಿಗೂ ದೊಡ್ಡಕೆರೆ ಮೈದಾನದಲ್ಲಿ. ಅರಮನೆ ದೀಪ ನೋಡಿಕೊಂಡು ನಡೆದೇ ಹೋಗಬಹುದು. ಬೆಂಗಳೂರಿನಲ್ಲಿ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆ ಸೋಮವಾರ ಬಸವನಗುಡಿ ರಸ್ತೆಯಲ್ಲೇ ಕೂರುತ್ತೆ. ಅಲ್ಲಿನ ಟ್ರಾಫಿಕ್ ಮುಂದೆ ನಮ್ಮದು ಯಾವ ಲೆಕ್ಕ?

ನಮ್ಮ ಊರದೇವತೆ ದುಗ್ಗಮ್ಮನ ಜಾತ್ರೆಯ ಮಾತಂತೂ ಎತ್ತಲೇಬೇಡ. ಎರಡು ವರ್ಷಕ್ಕೊಮ್ಮೆ ಹಂದರಗಂಬದ ಪೂಜೆ ಆದ ಮೇಲೆ ಹಳೇ ದಾವಣಗೆರೆ ಊರಲ್ಲ, ಒಂದೇ ಮನೆ. ಬೇವಿನ ಉಡುಗೆಯವರು, ದೀಡ್ ನಮಸ್ಕಾರದವರು, ಚರಗ, ಕುರಿ, ಬೀಗರು, ಬೀಗರ ಬೀಗರು. ಬೀರಲಿಂಗೇಶ್ವರ ದೇವಸ್ಥಾನದ ಬಯಲಲ್ಲಿ ಕುಸ್ತಿ. ಅಮ್ಮ ಕೂತ ಜಾಗ ಬಿಟ್ಟು ಏಳಲ್ಲ. ಜೋಕಾಲಿಯವನು, ಬೆಂಡು ಬತ್ತಾಸಿನವನು ಅಮ್ಮನ ಹಿಂದೆ ಬರುವವರು. ಅವರನ್ನು ಮಾತ್ರ ಬೇರೆ ಕಡೆ ಹೋಗಿ ಅಂದರೆ, ಮದುವೆ ಇಲ್ಲಿ, ಊಟ ಹರಿಹರದಲ್ಲಿ ಅಂದ ಹಾಗೆ.

ಹಾಗಾದರೆ ಏನೂ ಬದಲಾಗಬಾರದಾ ಅಂತ ನೀನು ಕೇಳುತ್ತೀಯ. ಆಗಬೇಕು. ನನ್ನನ್ನು ಕೇಳಿದರೆ ಕೆಲವನ್ನು ನಾಳೆಯೇ ಬೈಪಾಸಿಗೆ ಕಳಿಸಬಹುದು. ಸೈಟು ಮಾರುವವರ ಮೇಳ, ಕಾರಿನ ಮೇಳ, ಫರ್ನಿಚರ್ ಮೇಳ. ಅದಕ್ಕೆ ಬರುವವರು ಹೇಗೂ ಕಾರಿನಲ್ಲೇ ಬರುತ್ತಾರೆ. ಸೋಫಾ ಹೊತ್ತುಕೊಂಡು ಯಾರೂ ಬಸ್ ಹತ್ತಲ್ಲ. ಪಟಾಕಿ ಮಳಿಗೆಯ ವಿಷಯದಲ್ಲೂ ನಾನು ನಿನ್ನ ಕಡೆಯೇ. ಬೆಂಕಿಯ ಜೊತೆ ವಾದ ಮಾಡಬಾರದು. ಉಳಿದದ್ದು, ಅಂದರೆ ತೊಟ್ಟಿಲು, ಬಳೆ, ಮಿರ್ಚಿ, ಸರ್ಕಸ್ಸು ಊರೊಳಗೇ ಇರಲಿ. ಆದರೆ ಫೆಬ್ರವರಿ, ಮಾರ್ಚ್ ಬೇಡ, ಮಕ್ಕಳ ಪರೀಕ್ಷೆ ಇರುತ್ತೆ. ಮೈದಾನವನ್ನು ಒಂದು ತಿಂಗಳು ಕೊಡುವ ಬದಲು ಹದಿನೈದು ದಿನ ಕೊಡಲಿ. ಹತ್ತು ಗಂಟೆಗೆ ಮೈಕಿನ ವೈರು ಕೀಳಲಿ. ಮುಂಗಡ ಕಟ್ಟಿಸಿಕೊಂಡು, ಮೊಳೆ ಆರಿಸಿ ಗುಂಡಿ ಮುಚ್ಚಿದ ಮೇಲೆ ವಾಪಸ್ ಕೊಡಲಿ. ಮೊಳೆ ಇದೆಯಾ ಇಲ್ಲವಾ ಅಂತ ನೋಡಲು ಅಧಿಕಾರಿ ಬೇಡ, ಕ್ರಿಕೆಟ್ ಹುಡುಗರನ್ನೇ ಬಿಡಲಿ. ಅವರಿಗಿಂತ ಚೆನ್ನಾಗಿ ಯಾರೂ ಹುಡುಕಲ್ಲ.

ಟ್ರಾಫಿಕ್ಕಿಗೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ. ಸಂಜೆ ಆ ರಸ್ತೆಗೆ ಕಾರು ಬಿಡಬೇಡಿ ಅಂತ ಬಾಯಿ ಬಿಟ್ಟು ಹೇಳಿದರೆ ನನ್ನ ಭಾಮೈದನೇ ಹೊಡೆಯಲು ಬರುತ್ತಾನೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ನಮ್ಮದೂ ಬಂತು ಅಂತ ನನ್ನ ಹತ್ತಿರ ಬೆಣ್ಣೆದೋಸೆ ಕೊಡಿಸಿಕೊಂಡವನು ಅವನೇ. ಕಾರು ತಗೊಂಡಿದ್ದು ಅದೇ ವರ್ಷ.

ಮುಂದಿನ ಸಲ ನೀನು ಊರಿಗೆ ಬರುವಾಗ ತೊಟ್ಟಿಲು ಇರೋ ದಿನ ನೋಡಿಕೊಂಡು ಟಿಕೆಟ್ ಮಾಡು. ಮಗಳು ಈಗ ಕಾಲೇಜು. ಆ ತೂಗೋ ದೋಣಿ, ಕೊಲಂಬಸ್, ಹತ್ತೋಣ ಬಾ ಅಂತ ಪ್ರಾಣ ತಿನ್ನುತ್ತಾಳೆ. ಎಂಟನೇ ಕ್ಲಾಸಿನಲ್ಲಿ ಜೋಕಾಲಿ ಇಳಿದ ಮೇಲೆ ನಿನ್ನ ಬಿಳಿ ಯೂನಿಫಾರ್ಮಿನ ಮೇಲೆ ನಾನು ವಾಂತಿ ಮಾಡಿದ್ದನ್ನು ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ. ಅವಳ ಜೊತೆ ನೀನೇ ಹತ್ತು, ನಾನು ಕೆಳಗೆ ನಿಂತು ಚಪ್ಪಲಿ ಕಾಯುತ್ತೇನೆ.

ನಾಯಿಗೆ ಊಟ ಹಾಕು.

ನಿನ್ನ,
ಮೂರನೇ ಬೆಂಚಿನವನು
ದಾವಣಗೆರೆ